ಕ್ರಿಸ್ಮಸ್ ಪೊಟ್ಟಣವನ್ನು ಮಕ್ಕಳೇ ಕೊಂಡೊಯ್ದು ಕೊಡಬೇಕೆ?

ಬಂಟ್ವಾಳದ ತಾಯಿ | ಡಿಸೆಂಬರ್ 1

ಎಲ್ಲರಿಗೂ ನಮಸ್ಕಾರ. ನಮ್ಮ ಇಗರ್ಜಿಯ (ಚರ್ಚಿನ) ಭಾನುವಾರದ ಧರ್ಮಶಿಕ್ಷಣದಲ್ಲಿ, ಅಂದರೆ ನಾವು ದೊತೊರ್ನ್ ಎನ್ನುವ ತರಗತಿಯಲ್ಲಿ, ಕ್ರಿಸ್ಮಸ್‌ಗೆ ಸಿದ್ಧವಾಗುವ ಈ ಆಗಮನ ಕಾಲಕ್ಕೆ ಒಂದು ಯೋಜನೆ ಹಾಕಿಕೊಂಡಿದ್ದಾರೆ. ಮಕ್ಕಳು ತಮ್ಮ ಕೈಖರ್ಚಿನ ಹಣವನ್ನು ಡಬ್ಬಿಯಲ್ಲಿ ಕೂಡಿಡಬೇಕು. ಅದಕ್ಕೆ ಹಿರಿಯರು ಒಂದಿಷ್ಟು ಸೇರಿಸಿ ಅಕ್ಕಿ, ಸಕ್ಕರೆ, ಎಣ್ಣೆ, ಒಂದು ಕೇಕ್ ಮತ್ತು ಬಟ್ಟೆಗಳ ಪೊಟ್ಟಣ ಕಟ್ಟುತ್ತಾರೆ. ಕ್ರಿಸ್ಮಸ್‌ಗೆ ಮುಂಚಿನ ಭಾನುವಾರ ಮಕ್ಕಳೇ ಸಾಲಾಗಿ ಹೋಗಿ ಕಷ್ಟದಲ್ಲಿರುವ ಹನ್ನೊಂದು ಮನೆಗಳಿಗೆ ಅವನ್ನು ಕೊಟ್ಟು ಬರಬೇಕು. ಒಂಬತ್ತು ವರ್ಷದ ನನ್ನ ಮಗಳಿಗೆ ಇದು ಎಷ್ಟು ಹಿಡಿಸಿದೆಯೆಂದರೆ, ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟಿದ್ದ ಇನ್ನೂರು ರೂಪಾಯಿಯನ್ನು ಯಾರೂ ಹೇಳದೆಯೇ ಡಬ್ಬಿಗೆ ಹಾಕಿಬಿಟ್ಟಿದ್ದಾಳೆ.

ತೊಡಕು ಇರುವುದು ಬೇರೆ ಕಡೆ. ಪಟ್ಟಿ ಮಾಡುವಾಗ ನಾನೂ ಅಲ್ಲಿದ್ದೆ. ಅದರಲ್ಲಿ ನನ್ನ ಮಗಳ ಪಕ್ಕದಲ್ಲೇ ಕೂರುವ ಹುಡುಗಿಯ ಮನೆಯೂ ಇದೆ. ಆಕೆಯ ತಂದೆ ಅಡಿಕೆ ಮರದಿಂದ ಬಿದ್ದು ಏಳು ತಿಂಗಳಿಂದ ಹಾಸಿಗೆಯಲ್ಲಿದ್ದಾರೆ, ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಾರೆ. ಆ ಹುಡುಗಿಯೂ ಪ್ರತಿ ಭಾನುವಾರ ಎರಡು ರೂಪಾಯಿಯ ನಾಣ್ಯ ತಂದು ಅದೇ ಡಬ್ಬಿಗೆ ಹಾಕುತ್ತಾಳೆ. ಪಟ್ಟಿಯಲ್ಲಿ ತನ್ನ ಮನೆಯೂ ಇದೆಯೆಂಬುದು ಅವಳಿಗೆ ಗೊತ್ತಿಲ್ಲ.

ಅಂದು ತನ್ನ ತರಗತಿಯ ಮಕ್ಕಳು, ಅವರಲ್ಲಿ ನನ್ನ ಮಗಳೂ, ಪೊಟ್ಟಣ ಹಿಡಿದು ಅವಳ ಅಂಗಳಕ್ಕೆ ಬಂದು ನಿಂತರೆ ಆ ಮಗುವಿಗೆ ಏನಾಗಬಹುದು? ಹಾಗೆಂದು ಯೋಜನೆಯೇ ಬೇಡವೆಂದರೆ ನನ್ನ ಮಗಳ ಮನಸ್ಸಿನಲ್ಲಿ ಈಗ ಚಿಗುರಿರುವುದನ್ನು ನಾನೇ ಚಿವುಟಿದಂತಾಗುತ್ತದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಕಾರ್ಕಳ ಕಡೆಯ ಗುರ್ಕಾರ್ | ಡಿಸೆಂಬರ್ 1

ಅಕ್ಕಾ, ನಾನು ಹದಿನಾಲ್ಕು ವರ್ಷಗಳಿಂದ ನಮ್ಮ ಇಗರ್ಜಿಯ ವಾರ್ಡಿನ ಗುರ್ಕಾರ್, ಅಂದರೆ ಮುಖ್ಯಸ್ಥ, ಆಗಿದ್ದೇನೆ, ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯಲ್ಲೂ ಇದ್ದೇನೆ. ನಿಮ್ಮ ಆತಂಕ ಸರಿಯಾಗಿಯೇ ಇದೆ. ಈ ಸಭೆಯನ್ನು 1833ರಲ್ಲಿ ಪ್ಯಾರಿಸ್‌ನಲ್ಲಿ ಆರಂಭಿಸಿದವರು ಫ್ರೆಡೆರಿಕ್ ಓಜನಾಮ್ ಮತ್ತು ಅವರ ಗೆಳೆಯರು. ಆಗ ಓಜನಾಮ್‌ಗೆ ಇಪ್ಪತ್ತೇ ವರ್ಷ, ಇನ್ನೂ ವಿದ್ಯಾರ್ಥಿ. ಅವರು ಹಾಕಿಕೊಟ್ಟ ಪದ್ಧತಿಯಂತೆ ನಾವು ಇಂದಿಗೂ ಮನೆಗಳಿಗೆ ಇಬ್ಬಿಬ್ಬರಾಗಿಯೇ ಹೋಗುತ್ತೇವೆ. ಹೋದ ಮನೆಯಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಹೊರಗೆ ಆಡುವುದಿಲ್ಲ. ಹತ್ತು ಮಂದಿ ಒಟ್ಟಾಗಿ ಅಂಗಳಕ್ಕೆ ಬಂದರೆ ಅದು ಭೇಟಿಯಾಗಿ ಉಳಿಯುವುದಿಲ್ಲ, ಮೆರವಣಿಗೆಯಾಗುತ್ತದೆ. ಅಕ್ಕಪಕ್ಕದ ಮನೆಯವರು ಬೇಲಿಯ ಬಳಿ ಬಂದು ನಿಂತು ನೋಡುತ್ತಾರೆ.

ಆದ್ದರಿಂದ ಅಕ್ಕಿ, ಎಣ್ಣೆ, ಬಟ್ಟೆಯ ವಿಚಾರವನ್ನು ಹಿರಿಯರಿಗೆ ಬಿಡಿ. ಅದನ್ನು ಇಪ್ಪತ್ತನೇ ತಾರೀಖಿನವರೆಗೆ ಕಾಯಿಸಲೂ ಬೇಡಿ. ಇಪ್ಪತ್ನಾಲ್ಕರ ರಾತ್ರಿಯ ಪೂಜೆಗೆ ಮಕ್ಕಳಿಗೆ ಹೊಸ ಬಟ್ಟೆ ಬೇಕೆಂದರೆ, ಹೊಲಿಸುವುದಕ್ಕೂ ಅಳತೆ ತಪ್ಪಿದ್ದನ್ನು ಬದಲಾಯಿಸುವುದಕ್ಕೂ ಸಮಯ ಬೇಕು. ಕೊಡುವವರ ಅನುಕೂಲಕ್ಕೆ ಆರಿಸಿದ ಭಾನುವಾರ ಪಡೆಯುವವರಿಗೆ ತಡವಾಗಿರುತ್ತದೆ. ಇದನ್ನು ನಾವೂ ಬಹಳ ತಡವಾಗಿ ಕಲಿತೆವು.

ಮಕ್ಕಳ ಕೈಗೆ ಕೊಡುವುದಾದರೆ ಕುಸ್ವಾರ್, ಅಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳನ್ನು, ಕೊಡಿ. ಕುಸ್ವಾರಿನ ತಟ್ಟೆ ಎಲ್ಲ ಮನೆಗೂ ಹೋಗುತ್ತದೆ, ಡಾಕ್ಟರ ಮನೆಗೂ, ಬೀಡಿ ಕಟ್ಟುವವರ ಮನೆಗೂ, ದೀಪಾವಳಿಗೆ ನಮಗೆ ಸಿಹಿ ಕಳುಹಿಸುವ ಹಿಂದೂ ನೆರೆಯವರ ಮನೆಗೂ. ಅದನ್ನು ಯಾರೂ ದಾನವೆಂದು ತಿಳಿಯುವುದಿಲ್ಲ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆಯೂ ನಮ್ಮಲ್ಲಿ ಇಲ್ಲವಲ್ಲ.

ಹೆಸರು ಬೇಡ | ಡಿಸೆಂಬರ್ 2

ನಾನು ಪೊಟ್ಟಣ ಪಡೆದ ಕಡೆಯವನು, ಆದ್ದರಿಂದ ಬರೆಯುತ್ತಿದ್ದೇನೆ.

1987ರಲ್ಲಿ ನಾನು ಆರನೇ ತರಗತಿಯಲ್ಲಿದ್ದೆ. ಊರಿನ ಹೆಸರು ಬೇಡ. ಕ್ರಿಸ್ಮಸ್ ಕಾರ್ಯಕ್ರಮದ ದಿನ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ) ಪಕ್ಕದಲ್ಲಿ ಕಟ್ಟಿದ್ದ ವೇದಿಕೆಯ ಮೇಲೆ, ನಮ್ಮ ಹೆಸರುಗಳನ್ನು ಒಂದೊಂದಾಗಿ ಮೈಕಿನಲ್ಲಿ ಕರೆದು ಪೊಟ್ಟಣ ಕೊಟ್ಟರು. ನನ್ನ ಪ್ರಾಯದ ಒಬ್ಬ ಹುಡುಗ ನನ್ನ ಕೈಗೆ ಅದನ್ನು ಇಟ್ಟ. ಅವನದು ಸ್ವಲ್ಪವೂ ತಪ್ಪಿಲ್ಲ; ಅವನು ನಿಜವಾಗಿಯೂ ಸಂತೋಷದಿಂದ ನಗುತ್ತಿದ್ದ. ಪೊಟ್ಟಣದಲ್ಲಿ ದೊಡ್ಡ ಚೌಕುಳಿಯ ಒಂದು ಅಂಗಿ ಇತ್ತು, ಬಹಳ ಚೆನ್ನಾಗಿತ್ತು. ಹಬ್ಬದ ರಾತ್ರಿ ಅದನ್ನು ತೊಟ್ಟುಕೊಂಡು ಪೂಜೆಗೆ ಹೋದೆ. ಪೂಜೆ ಮುಗಿದು ಹೊರಗೆ ಬಂದಾಗ ಅದೇ ಹುಡುಗ ತನ್ನ ಗೆಳೆಯರಿಗೆ, 'ಅದು ನನ್ನ ಅಂಗಿ, ಅಮ್ಮ ಕೊಟ್ಟದ್ದು' ಎಂದು ತೋರಿಸಿದ. ಅವನ ಮಾತಿನಲ್ಲಿ ಹೀಯಾಳಿಕೆ ಇರಲಿಲ್ಲ, ಹೆಮ್ಮೆ ಇತ್ತು. ಆ ಅಂಗಿಯನ್ನು ನಾನು ಮತ್ತೆ ಹಾಕಲಿಲ್ಲ. ಕಾರಣ ಕೇಳಿ ಅಮ್ಮ ಹೊಡೆದರು, ಆದರೂ ನಾನು ಹೇಳಲಿಲ್ಲ.

ಅದೇ ವರ್ಷದ ಇನ್ನೊಂದು ನೆನಪೂ ಇದೆ. ನಮ್ಮ ಮನೆಯಿಂದ ಎರಡು ಗದ್ದೆ ಆಚೆಗಿದ್ದ ಒಬ್ಬ ಮಾವ್ಶಿ (ಚಿಕ್ಕಮ್ಮನಂಥವರು) ಪ್ರತಿ ಡಿಸೆಂಬರಿನಲ್ಲೂ ಅಮ್ಮನ ಬಳಿ ಬಂದು, 'ಈ ಸಲವೂ ಕಿಡಿಯೊ ಮಾಡಲು ನನ್ನ ಮನೆಯಲ್ಲಿ ಕೈ ಸಾಲದು, ಮಕ್ಕಳನ್ನು ಕಳುಹಿಸಿಕೊಡು' ಎನ್ನುತ್ತಿದ್ದರು. ನಾವು ಮೂವರೂ ಹೋಗುತ್ತಿದ್ದೆವು. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡುವುದು ಮಕ್ಕಳ ಕೆಲಸ. (ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳು, ಹುಳುವಿನಂತೆ ಕಾಣದಿದ್ದರೆ ಮಾವ್ಶಿ ಅದನ್ನು ಬಿಚ್ಚಿ ಮತ್ತೆ ಮಾಡಿಸುತ್ತಿದ್ದರು.) ಸಂಜೆ ಹೊರಡುವಾಗ ನೆವ್ರ್ಯೊ, ಗುಳಿಯೊ, ಚಕ್ಕುಲಿ, ಕಿಡಿಯೊ ತುಂಬಿದ ದೊಡ್ಡ ಡಬ್ಬಿಯೊಂದು ನಮ್ಮ ಕೈಗೆ ಬರುತ್ತಿತ್ತು, 'ನಿಮ್ಮ ಪಾಲು' ಎಂಬ ಮಾತಿನೊಂದಿಗೆ. ಅವರ ಮನೆಯಲ್ಲಿ ಐವರು ಮಕ್ಕಳಿದ್ದರು, ಕೈ ಸಾಲದೆ ಇರಲು ಸಾಧ್ಯವೇ ಇರಲಿಲ್ಲ ಎಂದು ನನಗೆ ಹೊಳೆದದ್ದು ನನ್ನ ಮೂವತ್ತನೇ ವಯಸ್ಸಿನಲ್ಲಿ.

ಯುವ ಸಂಘದವನು, ಶಿರ್ವ | ಡಿಸೆಂಬರ್ 2

ಮೇಲಿನದನ್ನು ಓದಿ ಮನಸ್ಸಿಗೆ ನೋವಾಯಿತು. ಆದರೂ ಸಂಘಟಕರ ಕಡೆಯ ಮಾತನ್ನು ಹೇಳಬೇಕಾಗಿದೆ. ವೇದಿಕೆಯನ್ನು ನಾವು ಬಿಟ್ಟು ಬಹಳ ಕಾಲವಾಗಿದೆ, ಫೋಟೊ ಮಾತ್ರ ಬಿಡಲಾಗಿಲ್ಲ. ದುಬೈ, ಕುವೈತ್‌ಗಳಲ್ಲಿರುವ ನಮ್ಮ ಊರಿನವರು ಹಣ ಕಳುಹಿಸುತ್ತಾರೆ, ಪೊಟ್ಟಣ ತಲುಪಿತೆಂಬುದಕ್ಕೆ ಗುರುತು ಕೇಳುತ್ತಾರೆ. ಕೇಳುವುದು ಅನ್ಯಾಯವೂ ಅಲ್ಲ. ಇನ್ನೊಂದು ಮಾತು. ಎಲ್ಲವನ್ನೂ ಗುಟ್ಟಾಗಿ ಹಿರಿಯರೇ ಮಾಡಿ ಮುಗಿಸಿದರೆ ಮಕ್ಕಳಿಗೆ ತಿಳಿಯುವುದಾದರೂ ಏನು? ಡಬ್ಬಿಗೆ ನಾಣ್ಯ ಹಾಕಿದ ಮಗುವಿಗೆ ಆ ನಾಣ್ಯ ಎಲ್ಲಿಗೆ ಹೋಯಿತೆಂದು ಕಾಣಬೇಡವೇ? ಬಡತನವನ್ನು ಕಣ್ಣಾರೆ ನೋಡದ ಮಕ್ಕಳು ಮುಂದೆ ಅದನ್ನು ನಂಬುವುದೇ ಇಲ್ಲ.

ಕಾರ್ಕಳ ಕಡೆಯ ಗುರ್ಕಾರ್ | ಡಿಸೆಂಬರ್ 2

ತಮ್ಮಾ, ಅಕ್ಕಿಯ ಚೀಲದ ಫೋಟೊ ತೆಗೆ, ಅಂಗಡಿಯ ಬಿಲ್ಲಿನ ಫೋಟೊ ತೆಗೆ, ಪಡೆದವರ ಪರವಾಗಿ ವಿಗಾರರ, ಅಂದರೆ ಇಗರ್ಜಿಯ ಮುಖ್ಯ ಪಾದ್ರಿಯ, ಸಹಿ ಹಾಕಿಸಿ ಕಳುಹಿಸು. ಮುಖಗಳ ಫೋಟೊ ಬೇಡ. ನಮ್ಮಲ್ಲಿ ಆರು ವರ್ಷಗಳಿಂದ ಹೀಗೆಯೇ ನಡೆಯುತ್ತಿದೆ. ಕುವೈತಿನವರು ಒಬ್ಬರೂ ಹಣ ನಿಲ್ಲಿಸಲಿಲ್ಲ.

ವರ್ಜೀನಿಯಾದಿಂದ | ಡಿಸೆಂಬರ್ 3

ನಾನು ಹಾಸನದ ಕಡೆಯವಳು, ಕ್ರೈಸ್ತಳಲ್ಲ. ಆದರೂ ಇಲ್ಲಿ ಪ್ರತಿ ಚಳಿಗಾಲದಲ್ಲಿ ನನ್ನ ಇಬ್ಬರು ಮಕ್ಕಳೊಂದಿಗೆ ಭಾಗವಹಿಸುವ ಒಂದು ಪದ್ಧತಿಯನ್ನು ಹೇಳಬಹುದೆಂದು ತೋರಿತು. 1979ರಲ್ಲಿ, ನಾನಿರುವ ಇದೇ ರಾಜ್ಯದ ಲಿಂಚ್‌ಬರ್ಗ್ ನಗರದಲ್ಲಿ, ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಅಧಿಕಾರಿಗಳಾಗಿದ್ದ ಚಾರ್ಲ್ಸ್ ಮತ್ತು ಶರ್ಲಿ ವೈಟ್ ದಂಪತಿ, ಹಬ್ಬಕ್ಕೆ ಏನೂ ಕೊಳ್ಳಲಾಗದ ಮನೆಗಳ ಮಕ್ಕಳಿಗೆ ಬೇಕಾದದ್ದನ್ನು ದೇವದೂತರ ಚಿತ್ರವಿದ್ದ ಶುಭಾಶಯ ಪತ್ರಗಳ ಮೇಲೆ ಬರೆದು, ಅವನ್ನು ಮಾರಾಟ ಮಳಿಗೆಯೊಂದರ ಕ್ರಿಸ್ಮಸ್ ಮರಕ್ಕೆ ತೂಗುಹಾಕಿದರು. ಅದೇ ಏಂಜೆಲ್ ಟ್ರೀ. ಈಗ ದೇಶದ ಎಲ್ಲೆಡೆ ಇದೆ. ನನ್ನ ಮಕ್ಕಳು ಮರದಿಂದ ಒಂದು ಚೀಟಿ ತೆಗೆಯುತ್ತಾರೆ. ಅದರಲ್ಲಿ ಮಗುವಿನ ವಯಸ್ಸು, ಬಟ್ಟೆಯ ಅಳತೆ, ಒಂದು ಆಸೆ ಇರುತ್ತದೆ. ಮನೆಯ ವಿಳಾಸ ಇರುವುದಿಲ್ಲ. ಯುವ ಸಂಘದವರು ಕೇಳಿದ ಪ್ರಶ್ನೆಗೆ ನನ್ನ ಅನುಭವದ ಉತ್ತರ ಇದು: ಹೋದ ವರ್ಷ ಚೀಟಿಯಲ್ಲಿ 'ಏಳು ವರ್ಷದ ಹುಡುಗ, ಚಳಿಗಾಲದ ಬೂಟು' ಎಂದಷ್ಟೇ ಇತ್ತು. ಏಳೇ ವರ್ಷದ ನನ್ನ ಮಗ ಅದನ್ನು ಓದಿ, 'ಆಟಿಕೆ ಕೇಳಬಹುದಿತ್ತಲ್ಲ, ಅವನೇಕೆ ಬೂಟು ಕೇಳಿದ?' ಎಂದು ಮನೆಗೆ ಬರುವವರೆಗೂ ಯೋಚಿಸಿದ. ಮುಖ ಕಾಣದಿದ್ದರೂ ಅವನಿಗೆ ಕಾಣಬೇಕಾದದ್ದು ಕಂಡಿತ್ತು.

ಇನ್ನೊಂದು ವಿವರ. ಉಡುಗೊರೆಗೆ ಬಣ್ಣದ ಕಾಗದ ಸುತ್ತಬೇಡಿ, ಹಾಗೆಯೇ ತಂದುಕೊಡಿ ಎನ್ನುತ್ತಾರೆ. ಅಮೆರಿಕದ ಮರೀನ್ ದಳ ಎಂಬ ಸೈನಿಕ ಪಡೆಯವರು 1947ರಿಂದ ಆಟಿಕೆ ಸಂಗ್ರಹಿಸುವ ಕಾರ್ಯಕ್ರಮದಲ್ಲೂ ಇದೇ ನಿಯಮ. ಮೊದಲು ನನಗೆ ಇದು ಒರಟೆನಿಸಿತು, ಅಷ್ಟು ಚೆನ್ನಾಗಿ ಕಟ್ಟಿದ್ದೆವಲ್ಲ ಎಂದು. ಆಮೇಲೆ ಅದರ ಉಪಯೋಗ ತಿಳಿಯಿತು. ಸುತ್ತದೆ ಕೊಟ್ಟರೆ ಆ ಮಗುವಿನ ತಾಯಿಯೇ ಕಾಗದ ಸುತ್ತಿ, ತಾನೇ ಮರದ ಕೆಳಗೆ ಇಡಬಹುದು. ಮಗುವಿನ ಪಾಲಿಗೆ ಅದು ಅಮ್ಮ ಕೊಟ್ಟದ್ದು.

ಹೆಸರು ಬೇಡ | ಡಿಸೆಂಬರ್ 3

ಆ ಅಂಗಿಯನ್ನು ನನ್ನ ಅಮ್ಮನ ಕೈಗೆ ಕೊಟ್ಟಿದ್ದರೆ ಸಾಕಿತ್ತು.

ಕೊಲೋನ್‌ವಾಸಿ | ಡಿಸೆಂಬರ್ 5

ಇಲ್ಲಿಯ ಒಂದು ಪದ್ಧತಿಯ ಬಗ್ಗೆ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ಅದರಲ್ಲಿ ಎಲ್ಲವೂ ಮಕ್ಕಳದೇ. ಶಿಶು ಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬವಾದ ಜನವರಿ 6ರ ಆಸುಪಾಸಿನಲ್ಲಿ ಜರ್ಮನಿಯ ಕಥೋಲಿಕ ಧರ್ಮಕೇಂದ್ರಗಳ ಮಕ್ಕಳು ರಾಜರ ನಿಲುವಂಗಿ, ಕಾಗದದ ಕಿರೀಟ ತೊಟ್ಟು, ಕೋಲಿನ ತುದಿಗೆ ನಕ್ಷತ್ರ ಕಟ್ಟಿಕೊಂಡು ಮನೆಮನೆಗೆ ಹೋಗಿ ಹಾಡುತ್ತಾರೆ. ಇವರನ್ನು ಷ್ಟೆರ್ನ್‌ಸಿಂಗರ್, ಅಂದರೆ ನಕ್ಷತ್ರ ಗಾಯಕರು, ಎನ್ನುತ್ತಾರೆ. ಹಾಡಿದ ಮೇಲೆ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಹೊಸ ವರ್ಷದ ಅಂಕಿಗಳ ನಡುವೆ ಸಿ, ಎಂ, ಬಿ ಎಂದು ಬರೆಯುತ್ತಾರೆ. ಕ್ರಿಸ್ತನು ಈ ಮನೆಯನ್ನು ಆಶೀರ್ವದಿಸಲಿ ಎಂಬ ಲ್ಯಾಟಿನ್ ವಾಕ್ಯದ ಮೊದಲ ಅಕ್ಷರಗಳಿವು. ಮನೆಯವರು ಅವರ ಡಬ್ಬಿಗೆ ಹಣ ಹಾಕುತ್ತಾರೆ, ಮಕ್ಕಳ ಕೈಗೆ ಚಾಕೊಲೇಟ್ ಕೊಡುತ್ತಾರೆ. ಆ ಮೂರು ರಾಯರದೆಂದು ನಂಬುವ ಅವಶೇಷಗಳು 1164ರಿಂದ ನಮ್ಮ ಊರಿನ ಕ್ಯಾಥೆಡ್ರಲ್‌ನಲ್ಲಿಯೇ ಇರುವುದರಿಂದ ಇಲ್ಲಿಯವರಿಗೆ ಇದರಲ್ಲಿ ತುಸು ಹೆಚ್ಚೇ ಅಭಿಮಾನ.

ಹಾಡುವ ವಾಡಿಕೆ ಹಳೆಯದು. ಆ ಹಣವನ್ನು ಲೋಕದ ಬೇರೆ ಬೇರೆ ದೇಶಗಳ ಮಕ್ಕಳಿಗಾಗಿ ಒಟ್ಟುಗೂಡಿಸುವ ಏರ್ಪಾಡು 1959ರಲ್ಲಿ ಆರಂಭವಾಯಿತು. ಅಂದಿನಿಂದ ಕೂಡಿದ ಮೊತ್ತ ನೂರು ಕೋಟಿ ಯೂರೋಗಳನ್ನು ದಾಟಿದೆ. ಇದನ್ನು ನಡೆಸುವ ಆಖನ್ ನಗರದ ಸಂಸ್ಥೆಯನ್ನು 1846ರಲ್ಲಿ ಆರಂಭಿಸಿದವಳು ಆಗುಸ್ಟೆ ಫಾನ್ ಸಾರ್ಟೋರಿಯಸ್ ಎಂಬ ಹದಿಹರೆಯದ ಹುಡುಗಿ. ಮಕ್ಕಳಿಂದ ಏನಾದೀತು ಎನ್ನುವವರಿಗೆ ನಾನು ಹೇಳುವುದು ಈ ಹೆಸರನ್ನು.

ಇಷ್ಟು ಹೊಗಳಿದ ಮೇಲೆ ನನ್ನ ಮನೆಯಲ್ಲಿ ನಡೆದದ್ದನ್ನೂ ಹೇಳಬೇಕು. 2018ರ ಸಂಗ್ರಹದ ವಿಷಯ ಭಾರತದಲ್ಲೂ ಲೋಕದಲ್ಲೂ ಇರುವ ಬಾಲಕಾರ್ಮಿಕತೆಯ ವಿರೋಧವಾಗಿತ್ತು. ನಾವು ಹಿಂದೂಗಳಾದರೂ ನನ್ನ ಮಗಳು ಶಾಲೆಯ ಗೆಳತಿಯರೊಂದಿಗೆ ಆ ವರ್ಷ ರಾಜನ ವೇಷ ತೊಟ್ಟಿದ್ದಳು. ತಯಾರಿಯ ದಿನ ಕೆಲಸ ಮಾಡುವ ಭಾರತದ ಮಕ್ಕಳ ಚಿತ್ರಗಳನ್ನು ತೋರಿಸಿದರು. ತೋರಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಉದ್ದೇಶವೂ ಒಳ್ಳೆಯದೇ. ಆದರೆ ಉಳಿದ ಮಕ್ಕಳೆಲ್ಲ ತಿರುಗಿ ಇವಳನ್ನು ನೋಡಿದರಂತೆ. ಆ ರಾತ್ರಿ ಮಗಳು, 'ಅಪ್ಪಾ, ನಾವು ಕೊಡುವವರೋ, ತೆಗೆದುಕೊಳ್ಳುವವರೋ?' ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಮರುದಿನ ಅವಳು ಹೋದಳು, ಮೂರು ದಿನವೂ ಚಳಿಯಲ್ಲಿ ಹಾಡಿದಳು. ಬಂಟ್ವಾಳದ ಅಕ್ಕ ಬರೆದ ಎರಡು ರೂಪಾಯಿಯ ಹುಡುಗಿಯ ವಿಷಯ ಓದಿದಾಗ ನನಗೆ ನೆನಪಾದದ್ದು ಆ ರಾತ್ರಿ. ಆ ಹುಡುಗಿ ಈಗ ಕೊಡುವವಳ ಸ್ಥಾನದಲ್ಲಿದ್ದಾಳೆ. ದಯವಿಟ್ಟು ಅವಳನ್ನು ಅಲ್ಲಿಂದ ಇಳಿಸಬೇಡಿ.

ನಿವೃತ್ತ ಶಿಕ್ಷಕಿ, ಧಾರವಾಡ | ಡಿಸೆಂಬರ್ 6

ಇಂದು ಸಂತ ನಿಕೊಲಾಸರ ದಿನ. ಮೈರಾ ಪಟ್ಟಣದ ಆ ಬಿಷಪರ ಕಥೆಯೂ ನೀವು ಚರ್ಚಿಸುತ್ತಿರುವುದನ್ನೇ ಹೇಳುತ್ತದೆ. ಮೂವರು ಹೆಣ್ಣುಮಕ್ಕಳ ಮದುವೆಗೆ ಹಣವಿಲ್ಲದ ತಂದೆಯ ಮನೆಗೆ ಅವರು ಹಗಲು ಹೋಗಲಿಲ್ಲ. ರಾತ್ರಿ ಕಿಟಕಿಯಿಂದ ಹೊನ್ನಿನ ಚೀಲ ಎಸೆದು ಹೋದರು. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮ್ಮ ಹಿರಿಯರು ಹೇಳುವುದೂ, ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ ಹೇಳುವುದೂ ಒಂದೇ.

ಆದರೂ ಯುವ ಸಂಘದ ಹುಡುಗನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೂವತ್ತೊಂದು ವರ್ಷ ಪಾಠ ಹೇಳಿದವಳು ನಾನು. ಮಕ್ಕಳಿಗೆ ಕೈಯಿಂದ ಮಾಡಿದ ಕೆಲಸವೇ ನೆನಪಿನಲ್ಲಿ ಉಳಿಯುತ್ತದೆ, ಕಿವಿಯಿಂದ ಕೇಳಿದ ಉಪದೇಶ ಉಳಿಯುವುದಿಲ್ಲ. ಕೆನಡಾದಲ್ಲಿರುವ ನನ್ನ ಮಗಳ ಚರ್ಚಿನಲ್ಲಿ ಡಿಸೆಂಬರಿನ ಒಂದು ಭಾನುವಾರವನ್ನು ಬಿಳಿ ಉಡುಗೊರೆಯ ಭಾನುವಾರ ಎನ್ನುತ್ತಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಹುಟ್ಟಿದ ಪದ್ಧತಿಯಂತೆ ಇದು. ಮಕ್ಕಳು ತರುವ ಎಲ್ಲ ಉಡುಗೊರೆಗಳನ್ನೂ ಬರಿಯ ಬಿಳಿ ಕಾಗದದಲ್ಲಿ ಸುತ್ತಿ ಗೋದಲಿಯ ಮುಂದೆ ಇಡುತ್ತಾರೆ. ಒಳಗೆ ಬೆಲೆಬಾಳುವ ಗೊಂಬೆಯಿದೆಯೋ, ಒಂದು ಸಾಬೂನು ಇದೆಯೋ, ನೋಡಿದವರಿಗೆ ತಿಳಿಯದು. ಪೂರ್ವದ ಒಬ್ಬ ದೊರೆಯ ಹುಟ್ಟುಹಬ್ಬಕ್ಕೆ ಬಡವರೂ ಬಲ್ಲಿದರೂ ಬಿಳಿಯದನ್ನೇ ತರುತ್ತಿದ್ದರೆಂಬ ದಂತಕಥೆ ಇದರ ಹಿಂದೆ ಇದೆ. ವರ್ಜೀನಿಯಾದ ಮೇಡಂ ಹೇಳಿದಂತೆ ಮನೆಗೆ ಹೋಗುವ ಸಾಮಾನಿಗೆ ಕಾಗದ ಸುತ್ತಬೇಡಿ. ಆದರೆ ಮಕ್ಕಳು ಇಗರ್ಜಿಗೆ ತರುವುದಕ್ಕೆ ಬಿಳಿ ಕಾಗದ ಇರಲಿ. ಎರಡು ರೂಪಾಯಿಯೂ ಇನ್ನೂರು ರೂಪಾಯಿಯೂ ಒಂದೇ ಬಣ್ಣದಲ್ಲಿ ಬರಲಿ.

ಯುವ ಸಂಘದವನು, ಶಿರ್ವ | ಡಿಸೆಂಬರ್ 7

ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬದಲ್ಲಿ, ಹೂವು ತಂದ ಎಲ್ಲ ಮಕ್ಕಳಿಗೂ ಒಂದೊಂದು ಕಬ್ಬು ಸಿಗುತ್ತದೆ, ಯಾರ ಮಗು ಎಂದು ಯಾರೂ ನೋಡುವುದಿಲ್ಲ. ಈ ಚರ್ಚೆ ಓದುವಾಗ ಅದು ಮನಸ್ಸಿಗೆ ಬಂತು. ಫೋಟೊ ಬೇಡವೆಂದು ನಮ್ಮ ಸಭೆಯಲ್ಲಿ ಪ್ರಸ್ತಾಪಿಸಿದ್ದೇನೆ. ಇಬ್ಬರು ಒಪ್ಪಿಲ್ಲ. ಟೀಚರ್, ಆ ಬಿಳಿ ಕಾಗದ ದಪ್ಪನೆಯದೋ, ತೆಳುವೋ? ತೆಳುವಾದರೆ ಒಳಗಿನದು ಕಾಣುತ್ತದಲ್ಲ?

ನಿವೃತ್ತ ಶಿಕ್ಷಕಿ, ಧಾರವಾಡ | ಡಿಸೆಂಬರ್ 7

ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಪ್ಪ.

ಬಂಟ್ವಾಳದ ತಾಯಿ | ಡಿಸೆಂಬರ್ 27

ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ಹೆಸರು ಬೇಡವೆಂದವರ ಬರಹವನ್ನು ನಮ್ಮ ವಿಗಾರರಿಗೂ ಇಬ್ಬರು ಶಿಕ್ಷಕಿಯರಿಗೂ ಓದಿ ಹೇಳಿದೆ. ಹೆಚ್ಚು ವಾದ ನಡೆಯಲಿಲ್ಲ. ಹನ್ನೊಂದು ಮನೆಗಳಿಗೂ ದಿನಸಿ ಹದಿಮೂರನೇ ತಾರೀಖಿನ ಕತ್ತಲಾದ ಮೇಲೆ ಗುರ್ಕಾರರ ಮೂಲಕ ಹೋಯಿತು. ಬಟ್ಟೆಯ ಬದಲು ಜವಳಿ ಅಂಗಡಿಯ ಚೀಟಿ ಕೊಟ್ಟೆವು, ಅವರವರೇ ಹೋಗಿ ಆರಿಸಿಕೊಂಡರು. ಒಂದು ಕಡೆ ನಾವು ಎಡವಿದೆವು: ಒಂದು ಮನೆಯ ಅಜ್ಜಿ, ಮಕ್ಕಳು ಬರುತ್ತಾರೆಂದು ಯಾರಿಂದಲೋ ಮೊದಲೇ ಕೇಳಿ ತಿಳಿದು ಕಾದಿದ್ದರಂತೆ, ಬರದಿದ್ದುದಕ್ಕೆ ಬೇಸರ ಮಾಡಿಕೊಂಡರು. ಹಾಗೂ ಇರುತ್ತದೆ ಎಂದು ನಮಗೆ ಹೊಳೆದಿರಲಿಲ್ಲ. ಹಬ್ಬದ ದಿನ ನನ್ನ ಮಗಳನ್ನೂ ಇನ್ನೊಬ್ಬ ಹುಡುಗನನ್ನೂ ಅವರ ಮನೆಗೆ ಕರೆದುಕೊಂಡು ಹೋದೆ, ಒಂದು ಗಂಟೆ ಕೂತು ಮಾತನಾಡಿ ಬಂದೆವು.

ಮಕ್ಕಳ ಡಬ್ಬಿಯ ಹಣದಿಂದ ಮೈದಾ, ಎಳ್ಳು, ತೆಂಗಿನಕಾಯಿ, ಎಣ್ಣೆ ತಂದು ಇಗರ್ಜಿಯ ಸಭಾಂಗಣದಲ್ಲಿ ಎರಡು ದಿನ ಕುಸ್ವಾರ್ ಮಾಡಿದೆವು. ಕೈ ಸಾಲದೆಂದು ಎಲ್ಲರ ಮನೆಗೂ ಹೇಳಿ ಕಳುಹಿಸಿದ್ದೆವು. ಪಟ್ಟಿಯಲ್ಲಿದ್ದ ಮನೆಗಳಿಂದಲೂ ಬಂದರು, ಇಲ್ಲದ ಮನೆಗಳಿಂದಲೂ ಬಂದರು. ಆ ಹುಡುಗಿಯ ತಾಯಿ ಬೀಡಿ ಕೆಲಸವನ್ನು ಅರ್ಧ ದಿನ ಬಿಟ್ಟು ಬಂದಿದ್ದರು. ಬೀಡಿ ಸುರುಟಿ ಪಳಗಿದ ಬೆರಳುಗಳು ಕಿಡಿಯೊ ಮಾಡುವ ವೇಗವನ್ನು ನೋಡಿ ಮಕ್ಕಳೆಲ್ಲ ಅವರ ಸುತ್ತ ಕುಳಿತುಬಿಟ್ಟರು. ನನ್ನ ಮಗಳದು ಎಣ್ಣೆಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು; ಅಂಚನ್ನು ಒತ್ತುವುದು ಹೇಗೆಂದು ಅವಳ ಕೈ ಹಿಡಿದು ಹೇಳಿಕೊಟ್ಟವರು ಅವರೇ. ವಾರ್ಡಿನ ನಲವತ್ತಮೂರು ಮನೆಗಳಿಗೂ, ಬಿಳಿ ಡ್ರಾಯಿಂಗ್ ಶೀಟಿನಲ್ಲಿ ಸುತ್ತಿದ ಒಂದೇ ಅಳತೆಯ ಪೊಟ್ಟಣ ಹೋಯಿತು. ಗೆಳತಿಯರಿಬ್ಬರೂ ಒಂದೇ ಬುಟ್ಟಿ ಹಿಡಿದು ಏಳು ಮನೆ ಸುತ್ತಿದರು, ಅದರಲ್ಲಿ ಅವರಿಬ್ಬರ ಮನೆಗಳೂ ಇದ್ದವು.

ನಿನ್ನೆ ಆ ಹುಡುಗಿ ನಮ್ಮ ಬುಟ್ಟಿ ಹಿಂದಿರುಗಿಸಲು ಬಂದಳು. ಒಳಗೆ ಅವರ ಚಪ್ಪರದ ಬಸಳೆ ಒಂದು ಕಟ್ಟು ಇತ್ತು. ಇಂದು ಒಣಮೀನು ಹಾಕಿ ಪದಾರ್ಥ ಮಾಡಿದ್ದೇನೆ. ಶಿರ್ವದ ತಮ್ಮಾ, ಒಂಬತ್ತು ಡ್ರಾಯಿಂಗ್ ಶೀಟ್ ಉಳಿದಿವೆ, ಬೇಕಾದರೆ ಹೇಳು, ಉಡುಪಿ ಬಸ್ಸಿನಲ್ಲಿ ಕಳುಹಿಸುತ್ತೇನೆ.